ಸಿಯಾಚಿನ್‌ನಲ್ಲಿ ಹುಷಾರು ತಪ್ಪಿದರೆ ಹೆಲಿಕಾಪ್ಟರ್ ಕೂಡಲೇ ಬರುತ್ತದಾ?

ಪ್ರಶ್ನೆ: ನಮ್ಮೂರು ಕುಂದಗೋಳದ ಹತ್ತಿರ. ನನ್ನ ತಮ್ಮ ಸೇನೆಯಲ್ಲಿದ್ದಾನೆ. ಸದ್ಯದಲ್ಲೇ ಸಿಯಾಚಿನ್‌ಗೆ ಹೋಗಬೇಕಂತೆ. ಅಲ್ಲಿ ಹಿಮದಡಿ ಸಿಕ್ಕಿಬಿದ್ದ ಯೋಧ ಹನುಮಂತಪ್ಪ ಕೊಪ್ಪದ ಅವರ ಸುದ್ದಿ ಕೇಳಿದಾಗಿನಿಂದ ಅವ್ವನಿಗೆ ಆ ಜಾಗದ ಹೆಸರೆತ್ತಿದರೇ ಭಯ. ಅಲ್ಲಿ ಏನಾದರೂ ಆದರೆ ಹೆಲಿಕಾಪ್ಟರ್ ತಕ್ಷಣ ಬರುತ್ತದಾ? ಮೇಲೆಯೇ ಒಂದು ದೊಡ್ಡ ಆಸ್ಪತ್ರೆ ಯಾಕೆ ಕಟ್ಟಿಲ್ಲ?
(ಓದುಗರೊಬ್ಬರು, ಧಾರವಾಡ ಜಿಲ್ಲೆ)

ಉತ್ತರ (ನಿವೃತ್ತ ಸೇನಾ ವೈದ್ಯರಿಂದ): ತಂಗಿ, ಅವ್ವನ ಭಯ ಸುಮ್ನೆ ಅಲ್ಲ. ಹಾಗಾಗಿ ಹನುಮಂತಪ್ಪ ಅವರಿಂದಲೇ ಶುರು ಮಾಡುತ್ತೇನೆ. 2016ರ ಫೆಬ್ರುವರಿ 3ರಂದು ಸೋನಂ ಠಾಣೆಯ ಮೇಲೆ ಹಿಮ ಕುಸಿಯಿತು. ಆ ಠಾಣೆ ಇರುವುದು ಸುಮಾರು 19,600 ಅಡಿ ಎತ್ತರದಲ್ಲಿ. 10 ಜನ ಹೂತುಹೋದರು. 8ರಂದು ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ಆ ಹೊತ್ತಿಗೆ ವೈದ್ಯರು ಅಲ್ಲೇ, ಹಿಮದ ಮೇಲೇ ಇದ್ದರು. ಬೆಚ್ಚಗೆ ಮಾಡಿದ ಡ್ರಿಪ್, ಬೆಚ್ಚಗಿನ ಆಮ್ಲಜನಕ ಕೊಟ್ಟು ಮೈಗೆ ಕಾವು ತರಲು ನೋಡಿದರು. ಮರುದಿನ ಹೆಲಿಕಾಪ್ಟರಿನಲ್ಲಿ ಕೆಳಗೆ ತಂದರು. ಥೋಯಿಸ್ ವಾಯುನೆಲೆಯಿಂದ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ಒಯ್ದರು. 11ರಂದು ಅವರು ತೀರಿಕೊಂಡರು. ಅಷ್ಟು ದಿನ ಹಿಮದಡಿ ಇದ್ದ ದೇಹ ಅದು.

ಹೆಲಿಕಾಪ್ಟರ್ ಬಂದ ಮೇಲೆ ಚಿಕಿತ್ಸೆ ಶುರುವಾಗುವುದಲ್ಲ. ಅದು ಬರುವ ತನಕ ಪಕ್ಕದಲ್ಲಿ ಯಾರಿದ್ದಾರೆ, ಅವರ ಕೈಯಲ್ಲಿ ಏನಿದೆ ಅನ್ನುವುದೇ ಮುಖ್ಯ.

ಹವೆ ಚೆನ್ನಾಗಿದ್ದರೆ ಹೆಲಿಕಾಪ್ಟರ್ ಬೇಗ ಬರುತ್ತದೆ. ಸಿಯಾಚಿನ್‌ನ ಆಸರೆ ಅಂದರೆ ಎಚ್‌ಎಎಲ್ ತಯಾರಿಸಿದ ಪುಟ್ಟ ಚೀತಾ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ರೆಕ್ಕೆಗೆ ಹಿಡಿತವೇ ಸಿಗುವುದಿಲ್ಲ. ಅದಕ್ಕೇ ಇಂಧನವನ್ನೂ ಅಳೆದು ತುಂಬಿಸುತ್ತಾರೆ. ತೀರಾ ಎತ್ತರದ ಠಾಣೆಯಿಂದ ಒಮ್ಮೆಗೆ ಒಬ್ಬ ರೋಗಿಯನ್ನು ತಂದರೆ ಅದೇ ದೊಡ್ಡದು. ಬೆಳಗಿನ ತಣ್ಣನೆ ಗಾಳಿ ದಟ್ಟ, ಹಾರಾಟಕ್ಕೆ ಅನುಕೂಲ. ಹಿಮಗಾಳಿ ಎದ್ದರೆ ಮಾತ್ರ ಕಾಯಲೇಬೇಕು, ಕೆಲವೊಮ್ಮೆ ದಿನಗಟ್ಟಲೆ.

ಆ ಕಾಯುವ ಹೊತ್ತಿಗೆ ಏನು? ಠಾಣೆಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಇರುತ್ತಾರೆ, ಇಲ್ಲವೇ ಪ್ರಥಮ ಚಿಕಿತ್ಸೆಯಲ್ಲಿ ಪಳಗಿದ ಜವಾನ ಇರುತ್ತಾನೆ. ಅಲ್ಲಿ ಎಲ್ಲರೂ ಹೆದರುವ ಕಾಯಿಲೆ ಹೇಪೋ. ಎತ್ತರದಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುತ್ತದೆ. ಸುಮ್ಮನೆ ಕೂತರೂ ಏದುಸಿರು, ಕೆಮ್ಮು, ಆಮೇಲೆ ನೊರೆ. ಆಮ್ಲಜನಕ ಕೊಡುತ್ತಾರೆ, ಮಾತ್ರೆ ಕೊಡುತ್ತಾರೆ. ಜೊತೆಗೆ ಹೇಪೋ ಬ್ಯಾಗ್ ಅಂತ ಒಂದು ಉದ್ದನೆಯ ಚೀಲ ಇದೆ. ರೋಗಿಯನ್ನು ಒಳಗೆ ಮಲಗಿಸಿ, ಜಿಪ್ ಎಳೆದು, ಪಂಪ್ ಒತ್ತುತ್ತಾರೆ. ಒಳಗೆ ಒತ್ತಡ ಏರಿ, ಕೆಲವು ಸಾವಿರ ಅಡಿ ಕೆಳಗಿಳಿಸಿದಷ್ಟೇ ಆರಾಮ ಸಿಗುತ್ತದೆ. ಒಳಗಿನ ಗಾಳಿ ಬದಲಾಗುತ್ತಿರಬೇಕಲ್ಲ, ಪಂಪ್ ನಿಲ್ಲಿಸುವಂತಿಲ್ಲ. ಜೊತೆಗಾರರು ಪಾಳಿ ಹಾಕಿಕೊಂಡು ಒತ್ತುತ್ತಾರೆ. ಒಂದು ಜೀವ ಉಳಿಯುವುದು ಆ ತೋಳುಗಳಿಂದ. ನನಗೆ ಅವರ ಮೇಲಿರುವ ಗೌರವ ಅಷ್ಟಿಷ್ಟಲ್ಲ.

ಮೇಲೆ ದೊಡ್ಡ ಆಸ್ಪತ್ರೆ ಯಾಕಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಹೇಪೋಗೆ ನಿಜವಾದ ಮದ್ದು ಕೆಳಗಿಳಿಯುವುದು. ಅಷ್ಟು ಎತ್ತರದಲ್ಲಿ ಗಾಯವೂ ಬೇಗ ಮಾಯುವುದಿಲ್ಲ. ಹಾಗಾಗಿ ಆಸ್ಪತ್ರೆಗಳು ಮೆಟ್ಟಿಲಿನಂತೆ ಇವೆ. ಮೊದಲು ಬೇಸ್ ಕ್ಯಾಂಪ್, ಆಮೇಲೆ ನುಬ್ರಾ ಕಣಿವೆಯ ಫೀಲ್ಡ್ ಆಸ್ಪತ್ರೆ, ಲೇಹ್, ಅಲ್ಲಿಂದ ಚಂಡೀಗಢದ ಹತ್ತಿರದ ಚಂಡಿಮಂದಿರ ಅಥವಾ ದೆಹಲಿ. ವಿಮಾನ ಹತ್ತಿಸುವ ಮೊದಲೂ ನೋಡಿಕೊಳ್ಳುವುದಿದೆ. ಕ್ಯಾಬಿನ್‌ನಲ್ಲಿ ಒತ್ತಡ ಕಾಯ್ದರೂ ಅದು 6ರಿಂದ 8 ಸಾವಿರ ಅಡಿ ಎತ್ತರದಲ್ಲಿದ್ದ ಹಾಗೆ. ಬಯಲುಸೀಮೆಯಿಂದ ಹೊರಟ ವಿಮಾನದಲ್ಲಿ, ಎದೆಗೂಡಿನೊಳಗೆ ಗಾಳಿ ಸೇರಿಕೊಂಡ ಗಾಯಾಳು ಇದ್ದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನು ಅಮುಕುತ್ತದೆ. ಅಂಥವರಿಗೆ ಹತ್ತುವ ಮೊದಲೇ ಎದೆಗೆ ನಳಿಗೆ ಹಾಕುತ್ತಾರೆ. ಈ ವಿದ್ಯೆಗೆ ವಾಯುಪಡೆಯ ಒಂದು ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ.

ಇನ್ನು ನಿಮ್ಮ ತಮ್ಮನ ವಿಷಯ. ಅವನನ್ನು ನೇರ ಮೇಲೆ ಕಳಿಸುವುದಿಲ್ಲ. 9,000 ಅಡಿ ದಾಟಿದ ಮೇಲೆ ಮೊದಲ ಹಂತದಲ್ಲಿ 6 ದಿನ, 12,000 ಅಡಿ ದಾಟಿ 4 ದಿನ, 15,000 ದಾಟಿ ಮತ್ತೆ 4 ದಿನ ಮೈ ಹದಕ್ಕೆ ಬರಲು ಬಿಡುತ್ತಾರೆ. ಈ ದಿನಗಳಲ್ಲಿ ತಲೆನೋವು ಬಂದರೆ ಮುಚ್ಚಿಡಬಾರದು. ಹುಡುಗರು ‘ನಾನು ಗಟ್ಟಿಗ’ ಅಂತ ಸುಮ್ಮನಿರುತ್ತಾರೆ. ಜಾಸ್ತಿ ಕಷ್ಟ ಆಗುವುದೇ ಅಲ್ಲಿ. ಅಕ್ಕ ಹೇಳಿದರೆ ಕೇಳಿಯಾನು ಅಲ್ವಾ? ತಲೆನೋವು, ಕೆಮ್ಮು, ಏದುಸಿರು, ಏನಿದ್ದರೂ ಅವತ್ತೇ ಹೇಳಲಿ. ಊರಿಗೆ ಬಂದು ವಾರಗಟ್ಟಲೆ ಇದ್ದು ವಾಪಸ್ ಹೋದಾಗ ಮತ್ತೆ ಕೆಲವು ದಿನ ಕೆಳಗೇ ನಿಲ್ಲಿಸುತ್ತಾರೆ. ಆ ದಿನಗಳಲ್ಲಿ ಬೇಸರವಾಯಿತು ಅಂತ ಫೋನ್ ಮಾಡಿದರೆ ಅವ್ವನಿಗೆ ಫೋನ್ ಕೊಡಿ, ಅವರು ನಿಶ್ಚಿಂತೆಯಿಂದ ಮಾತಾಡಲಿ.