ಸಣ್ಣ ಊರಿನಲ್ಲಿ ಬೆಳೆದು ಸಾಧನೆ ಮಾಡಿದವರನ್ನು ಊರಿನವರು ಹೇಗೆ ಗೌರವಿಸಬೇಕು?

ನಿಮ್ಮ ಪ್ರಶ್ನೆ ಓದಿದೆ. ಊರು ಚಿಕ್ಕದು, ಅಲ್ಲಿ ಬೆಳೆದ ನಾಲ್ಕಾರು ಜನ ಹೊರಗೆ ಹೆಸರು ಮಾಡಿದ್ದಾರೆ, ಅವರನ್ನು ಗೌರವಿಸಲು ಸಮಿತಿಯೂ ಆಗಿದೆ. ಪ್ರತಿಮೆ ಬೇಕು ಅಂತ ಕೆಲವರು, ರಸ್ತೆಗೆ ಹೆಸರಿಡೋಣ ಅಂತ ಇನ್ನು ಕೆಲವರು, ಒಂದು ದೊಡ್ಡ ಸಮಾರಂಭ ಸಾಕು ಅಂತ ಉಳಿದವರು. ಇಂಥದ್ದೇ ಒಂದು ಸಮಿತಿಯಲ್ಲಿ ನಾನೂ ಇದ್ದೆ. ನನಗೆ ಅನ್ನಿಸುವುದು ಇಷ್ಟು: ಆ ಸಾಧಕರಿಗೆ ಹೆಸರು ಆಗಲೇ ಬಂದಿದೆ, ನಿಮ್ಮ ಸನ್ಮಾನದಿಂದ ಅವರಿಗೆ ಜಾಸ್ತಿ ಏನೂ ಆಗಬೇಕಾಗಿಲ್ಲ. ಅದು ಬೇಕಿರುವುದು ಈಗ ಆ ಊರಿನ ಶಾಲೆಯಲ್ಲಿ ಕೂತಿರುವ ಮಕ್ಕಳಿಗೆ. ಪ್ರತಿಮೆಯೋ ರಸ್ತೆಯೋ ಅನ್ನುವುದನ್ನು ಅವರನ್ನು ನೆನಪಿಟ್ಟುಕೊಂಡೇ ತೀರ್ಮಾನ ಮಾಡಿ.

ಮೊದಲ ಜಗಳ ಬರುವುದು ಯಾರನ್ನು ನಮ್ಮವರು ಅಂತ ಸೇರಿಸಬೇಕು ಅನ್ನುವುದರಲ್ಲಿ. ಹುಟ್ಟಿದ ಜಾಗದ ದಾಖಲೆ ಹಿಡಿದು ಕೂತರೆ ಬಗೆಹರಿಯುವುದಿಲ್ಲ. ಕುವೆಂಪು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ. ಇವತ್ತು ಜನ ಹೋಗಿ ನೋಡುವುದು ಕುಪ್ಪಳಿಯ ಮನೆಯನ್ನೇ. ಸಾಲುಮರದ ತಿಮ್ಮಕ್ಕ ಹುಲಿಕಲ್‌ಗೆ ಬಂದದ್ದು ಸೊಸೆಯಾಗಿ. ಹಾಗಂತ ಹುಲಿಕಲ್‌ನವರು ಅವರನ್ನು ಬಿಟ್ಟುಕೊಡುತ್ತಾರಾ? ಬಾಲ್ಯದ ಒಂದಷ್ಟು ವರ್ಷ ಅಲ್ಲಿ ಕಳೆದಿರಲಿ, ಇಲ್ಲವೇ ದೊಡ್ಡ ಕೆಲಸ ಅಲ್ಲಿ ಮಾಡಿರಲಿ, ಅಷ್ಟು ಸಾಕು. ಆದರೆ ರಜೆಗೆ ಅಜ್ಜಿ ಮನೆಗೆ ಬಂದು ಹೋಗುತ್ತಿದ್ದ ದೊಡ್ಡ ಮನುಷ್ಯರನ್ನು ಸೇರಿಸುವ ಆಸೆ ಸಮಿತಿಯಲ್ಲಿ ಒಬ್ಬರಿಗಾದರೂ ಬಂದೇ ಬರುತ್ತದೆ. ಅದಕ್ಕೆ ಮಾತ್ರ ಒಪ್ಪಬೇಡಿ.

ನಮ್ಮ ಸಮಿತಿ ಮಾಡಿದ್ದು ಶಾಲೆಯ ಗೋಡೆಯ ಮೇಲೆ ಒಂದು ಫೋಟೊ ಸಾಲು. ಮೊದಲ ಕರಡಿನಲ್ಲಿ ಪ್ರತಿ ಫೋಟೊದ ಕೆಳಗೆ ಪದವಿ, ಹುದ್ದೆ, ಪ್ರಶಸ್ತಿ, ಇಷ್ಟೇ ಇತ್ತು. ಅಲ್ಲಿನ ಒಬ್ಬ ಟೀಚರ್ ಓದಿ, "ಆರನೇ ಕ್ಲಾಸಿನ ಹುಡುಗಿಗೆ ಇದರಲ್ಲಿ ಏನು ಸಿಗುತ್ತೆ ಹೇಳಿ?" ಅಂದರು. ಯಾರ ಬಾಯಲ್ಲೂ ಉತ್ತರ ಇರಲಿಲ್ಲ. ಆಮೇಲೆ ಸಾಧಕರಿಗೆ, ಅವರ ಮನೆಯವರಿಗೆ ಫೋನ್ ಮಾಡಿ ಬೇರೆಯೇ ಪ್ರಶ್ನೆ ಕೇಳಿದೆವು. ಎಷ್ಟನೇ ವಯಸ್ಸಿಗೆ ಊರು ಬಿಟ್ಟಿರಿ? ಕಾಲೇಜು ಫೀಸು ಯಾರು ಕಟ್ಟಿದರು? ಯಾವ ವಿಷಯದಲ್ಲಿ ಡುಮ್ಕಿ ಹೊಡೆದಿದ್ದಿರಿ? ಒಬ್ಬ ವಿಜ್ಞಾನಿ ನಗುತ್ತಲೇ, ಹತ್ತನೇ ತರಗತಿಯ ಗಣಿತ ಎರಡನೇ ಸಲಕ್ಕೆ ಪಾಸಾಗಿದ್ದು ಅಂದರು, ಬರೆಯಿರಿ ಅಂತಲೂ ಹೇಳಿದರು. ಬರೆದೆವು. ಮಕ್ಕಳು ಗುಂಪು ಕಟ್ಟಿಕೊಂಡು ನಿಲ್ಲುವುದು ಆ ಫೋಟೊ ಮುಂದೆಯೇ. ಇನ್ನೊಂದು ಸಣ್ಣ ವಿಷಯ. ದೊಡ್ಡವರು ಫೋಟೊ ಹಾಕುವಾಗ ಬಾಗಿಲಿಗಿಂತ ಮೇಲೆ ಮೊಳೆ ಹೊಡೆಯುತ್ತಾರೆ. ಮಕ್ಕಳ ಕಣ್ಣಿನ ಎತ್ತರಕ್ಕೆ ಹಾಕಿಸಿ, ಇಲ್ಲದಿದ್ದರೆ ಕೆಳಗೆ ಬರೆದದ್ದೆಲ್ಲ ದಂಡ.

ಊರಲ್ಲೇ ಉಳಿದವರನ್ನು ಮರೆಯಬೇಡಿ. ಹೊರಗೆ ಹೋದವರೇ ಸಾಧಕರು ಅನ್ನುವ ಹಾಗೆ ಪಟ್ಟಿ ತಯಾರಾದರೆ ಮಕ್ಕಳಿಗೆ ಸಿಗುವ ಪಾಠ ಒಂದೇ: ಉದ್ಧಾರ ಆಗಬೇಕಾದರೆ ಇಲ್ಲಿಂದ ಓಡಬೇಕು. ಕೆ.ವಿ. ಸುಬ್ಬಣ್ಣ ಮೈಸೂರಿನಲ್ಲಿ ಓದಿ ಹೆಗ್ಗೋಡಿಗೆ ವಾಪಸ್ ಬಂದರು. 1949ರಲ್ಲಿ ಶುರುವಾದ ನೀನಾಸಂ ನಾಟಕ ಸಂಸ್ಥೆಯನ್ನು ಅಲ್ಲಿದ್ದೇ ಬೆಳೆಸಿದರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಬಂತು. ಹರೇಕಳ ಹಾಜಬ್ಬ ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ಹಳ್ಳಿಗೆ ಶಾಲೆ ತಂದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. ಸುಮ್ನೆ ಯೋಚಿಸಿ, ಪದವಿ ಮತ್ತು ಹುದ್ದೆ ನೋಡಿ ಆರಿಸುವ ಸಮಿತಿಯ ಕಣ್ಣಿಗೆ ಒಬ್ಬ ಕಿತ್ತಳೆ ವ್ಯಾಪಾರಿ ಬೀಳುತ್ತಿದ್ದರಾ?

ಇಥಿಯೋಪಿಯಾದಲ್ಲಿ ಬೆಕೋಜಿ ಅಂತ ಒಂದು ಸಣ್ಣ ಪಟ್ಟಣ ಇದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದ ಚಿನ್ನ ಗೆದ್ದ ದೆರಾರ್ತು ತುಲು ಆ ಕಡೆಯವರು. ಕೆನೆನಿಸಾ ಬೆಕೆಲೆ, ತಿರುನೇಶ್ ದಿಬಾಬಾ ಕೂಡ ಅಲ್ಲಿಯವರೇ. ಈ ಮಕ್ಕಳನ್ನು ಮೊದಲು ಗುರುತಿಸಿ ಓಡಿಸಿದವರು ಸೆಂತಾಯೆಹು ಎಶೆಟು ಅನ್ನುವ ಶಾಲಾ ಮೇಷ್ಟ್ರು. ಪದಕ ಗೆದ್ದವರ ಪಕ್ಕದಲ್ಲಿ ಇಂಥ ಮೇಷ್ಟ್ರ ಫೋಟೊನೂ ಇರಬೇಕು ಅನ್ನುವುದು ನನ್ನ ಹಟ. ನಿಮ್ಮ ಊರಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಸಾಧಕರನ್ನೇ ಕೇಳಿ, ತಡವರಿಸದೆ ಹೆಸರು ಹೇಳುತ್ತಾರೆ.

ಪ್ರತಿಮೆ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಖರ್ಚು ಜಾಸ್ತಿ, ಆಮೇಲೆ ಒರೆಸುವವರು ಇಲ್ಲ. ಬದಲು, ಅವರು ಮಾಡಿದ್ದು ಊರಿನಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಕಾಪಾಡಿ. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆಯಿಂದ ಅವರು ನೆಟ್ಟ ಆಲದ ಮರಗಳಿಗೇ ಕುತ್ತು ಬಂದಿತ್ತು. ಮರ ಉಳಿಸಿ ಅಂತ ಅವರೇ ಕೇಳಿಕೊಳ್ಳಬೇಕಾಯಿತು. ಸರ್ಕಾರ ಬೇರೆ ದಾರಿ ನೋಡುತ್ತೇವೆ ಅಂದಿತು. ಆ ಮರಗಳನ್ನು ಕಡಿದು ಅದೇ ಜಾಗದಲ್ಲಿ ಪ್ರತಿಮೆ ಇಟ್ಟಿದ್ದರೆ ಹೇಗಿರುತ್ತಿತ್ತು!

ಹೆಸರಿಡುವ ಮೊದಲು ಊರಿನವರನ್ನೂ ಕೇಳಿ. ಕೊಲಂಬಿಯಾದ ಅರಾಕಟಾಕಾ ಪಟ್ಟಣದಲ್ಲಿ ಬೆಳೆದ ಗಾಬ್ರಿಯಲ್ ಗಾರ್ಸಿಯಾ ಮಾರ್ಕೆಸ್‌ಗೆ 1982ರಲ್ಲಿ ನೊಬೆಲ್ ಬಂತು. ಅವರ ಕಾದಂಬರಿಯ ಊರು ಮಕೊಂಡೋ. ಆ ಹೆಸರನ್ನು ಪಟ್ಟಣದ ಹೆಸರಿಗೆ ಸೇರಿಸಬೇಕಾ ಅಂತ 2006ರಲ್ಲಿ ಮತ ಹಾಕಿಸಿದರು. ಬಂದವರಲ್ಲಿ ಹೆಚ್ಚಿನವರು ಹೂಂ ಅಂದರು, ಆದರೆ ಬೇಕಾದಷ್ಟು ಜನ ಮತ ಹಾಕಲು ಬರಲೇ ಇಲ್ಲ. ಪ್ರಸ್ತಾಪ ಬಿದ್ದುಹೋಯಿತು. ಆಮೇಲೆ ಅವರು ಬಾಲ್ಯ ಕಳೆದ ಅಜ್ಜನ ಮನೆಯನ್ನು ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದರು. ನನ್ನ ಪ್ರಕಾರ ಅದೇ ಒಳ್ಳೆಯದಾಯಿತು.

ಇನ್ನು ದುಡ್ಡಿನ ವಿಷಯ. ಕರೆದು ಹಾರ ಹಾಕಿ, ಅದೇ ವೇದಿಕೆಯಲ್ಲಿ ದೇಣಿಗೆ ಕೇಳುವುದನ್ನು ನಾನು ನೋಡಿದ್ದೇನೆ. ಪಾಪ, ಮೈಕ್ ಮುಂದೆ ನಿಂತವರು ಇಲ್ಲ ಅನ್ನುವುದು ಹೇಗೆ? ಕೊಡುವ ಮನಸ್ಸಿದ್ದವರಿಗೆ ಊರಿಗೆ ಏನು ಬೇಕು ಅಂತ ಗೊತ್ತಿರುತ್ತದೆ. ಫುಟ್‌ಬಾಲ್ ಆಟಗಾರ ಸಾದಿಯೋ ಮಾನೆ ಚಿಕ್ಕವರಿದ್ದಾಗ ತಂದೆ ತೀರಿಕೊಂಡರು. ಸೆನೆಗಲ್‌ನ ಆ ಹಳ್ಳಿ ಬಂಬಾಲಿಯಲ್ಲಿ ಆಗ ಆಸ್ಪತ್ರೆ ಇರಲಿಲ್ಲ. 2021ರಲ್ಲಿ ಅವರ ದುಡ್ಡಿನಿಂದಲೇ ಅಲ್ಲಿ ಆಸ್ಪತ್ರೆ ಶುರುವಾಯಿತು. ನೀವು ಸಾಧಕರಿಂದ ಏನಾದರೂ ಕೇಳುವುದಿದ್ದರೆ ಅವರ ಅರ್ಧ ದಿನ ಕೇಳಿ. ಭಾಷಣಕ್ಕಲ್ಲ. ತರಗತಿಯೊಳಗೆ ಮಕ್ಕಳ ಜೊತೆ ಕೂತು ಮಾತಾಡಲು, ಪಕ್ಕದಲ್ಲಿ ಸಮಿತಿಯವರು ಯಾರೂ ಇಲ್ಲದೆ.

ಮೊದಲ ವರ್ಷವೇ ಎಲ್ಲರನ್ನೂ ತುಂಬಬೇಡಿ. ವರ್ಷಕ್ಕೆ ಇಬ್ಬರೋ ಮೂವರೋ ಸಾಕು, ಗೋಡೆಯಲ್ಲಿ ಜಾಗ ಉಳಿಸಿ. ಆರಿಸುವವರಲ್ಲಿ ಅರ್ಧದಷ್ಟು ಜನ ಶಾಲೆಯ ಕಡೆಯವರಿರಲಿ. ಫಲಕ ಬರೆಸುವ ಮುಂಚೆ ಹೆಸರು, ಇಸವಿ ಎಲ್ಲವನ್ನೂ ಅವರ ಮನೆಯವರಿಗೆ ಕಳಿಸಿ ಸರಿ ಇದೆಯಾ ಅಂತ ಕೇಳಿಕೊಳ್ಳಿ.