ತುಕ್ಕು ಹಿಡಿದ ನಟ್ಟಿಗೆ ಉದ್ದನೆಯ ಪೈಪು ಹಾಕಿ ತಿರುಗಿಸಬಹುದೇ?

ವರ್ಷಗಟ್ಟಲೆ ನಿಂತಿದ್ದ ಗಾಡಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕೊಳವೆ ಭಾಗದ) ನಟ್ಟುಗಳು ಅಲುಗಾಡುತ್ತಿಲ್ಲ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಿರುಗಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್ಡುಗಳ ನಡುವಿನ ಸಂದು ಬೆಣೆ ಬಡಿದಂತೆ ಬಿಗಿದಿರುತ್ತದೆ; ಅಂಥಲ್ಲಿ ಪೈಪಿನ ಬಲವು ನಟ್ಟನ್ನು ಬಿಡಿಸುವ ಬದಲು ಸ್ಟಡ್ಡನ್ನೇ, ಅಂದರೆ ನಟ್ಟು ಕೂತಿರುವ ತಲೆಯಿಲ್ಲದ ಥ್ರೆಡ್ ಕಡ್ಡಿಯನ್ನೇ, ತಿರುಚಿ ಮುರಿಯುತ್ತದೆ.

ಮೊದಲು ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಪೆನೆಟ್ರೇಟಿಂಗ್ ಆಯಿಲ್ (ಸಂದಿನೊಳಗೆ ಇಳಿಯುವ ತೆಳು ಎಣ್ಣೆ) ಹಾಕಿ, ಸುತ್ತಿಗೆಯಿಂದ ನಟ್ಟಿನ ಬದಿಗಳಿಗೆ ಹದವಾಗಿ ತಟ್ಟಿ ರಾತ್ರಿಯಿಡೀ ಬಿಡಿ. ತಟ್ಟುವುದನ್ನು ಹಲವರು ಬಿಟ್ಟುಬಿಡುತ್ತಾರೆ, ಆದರೆ ತುಕ್ಕಿನ ಪದರ ಬಿರಿದು ಎಣ್ಣೆಗೆ ದಾರಿಯಾಗುವುದು ಆ ಪೆಟ್ಟುಗಳಿಂದಲೇ. ಮರುದಿನ ಆರು ಮೂಲೆಯ ಸಾಕೆಟ್ ಹಾಕಿ. ಹನ್ನೆರಡು ಮೂಲೆಯದು ಸವೆದ ನಟ್ಟಿನ ಮೇಲೆ ಜಾರಿ ಅದರ ಅಂಚುಗಳನ್ನು ಸುಲಭವಾಗಿ ತಿಂದುಹಾಕುತ್ತದೆ.

ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ ನೋಡಿ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಇಲ್ಲಿ ನಿಮ್ಮ ಕೈಗೆ ಸಿಗುವ ಅನುಭವವನ್ನು ನಂಬಿ: ಸ್ಪ್ಯಾನರ್ ತಿರುಗಿದಂತೆನಿಸಿ, ಕೈ ಸಡಿಲಿಸಿದೊಡನೆ ಹಿಂದಕ್ಕೆ ಬಂದರೆ, ನಟ್ಟು ಬಿಚ್ಚುತ್ತಿಲ್ಲ, ಸ್ಟಡ್ಡು ತಿರುಚಿಕೊಳ್ಳುತ್ತಿದೆ; ಅಲ್ಲಿಗೇ ನಿಲ್ಲಿಸಿ. ನಿಜವಾಗಿ ಬಿಟ್ಟಾಗ ಚಿಕ್ಕದೊಂದು ಕಿರ್ರೆನ್ನುವ ಸದ್ದಿನೊಂದಿಗೆ ಕಂದು ಪುಡಿ ಹೊರಬರುತ್ತದೆ. ಆಗಲೂ ಒಂದೇ ಓಟಕ್ಕೆ ಬಿಚ್ಚದೆ, ಕಾಲು ಸುತ್ತು ಮುಂದೆ, ಅದರ ಅರ್ಧದಷ್ಟು ಹಿಂದೆ ತಿರುಗಿಸುತ್ತ, ಪುಡಿಯನ್ನು ಒರೆಸಿ ಮತ್ತೆ ಎಣ್ಣೆ ಬಿಡುತ್ತ ಹೋಗಿ.

ಇಷ್ಟಕ್ಕೂ ಜಗ್ಗದಿದ್ದರೆ ಗ್ಯಾಸ್ ಟಾರ್ಚ್ ಹಿಡಿಯಿರಿ. ಸ್ಟಡ್ಡಿಗಿಂತ ಮೊದಲು ನಟ್ಟು ಕಾದು ಹಿಗ್ಗಬೇಕಾದ್ದರಿಂದ ಜ್ವಾಲೆ ನಟ್ಟಿನ ಮೇಲೆಯೇ ಇರಲಿ. ಸ್ವಲ್ಪ ತಣಿದ ಬಳಿಕ ಮೇಣದ ತುಂಡನ್ನು ತಾಗಿಸಿದರೆ ಅದು ಕರಗಿ ಥ್ರೆಡ್ಡಿನೊಳಗೆ ಇಳಿಯುತ್ತದೆ. ಆದರೆ ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸದೆ ಬೆಂಕಿ ತರಬೇಡಿ. ಪೆಟ್ರೋಲ್ ಪೈಪು, ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್‌ಗಳ ಬಳಿ ಟಾರ್ಚ್ ಬಳಸಲೇಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಭಾಗವನ್ನು ಕಾಯಿಸಿದರೆ ಫಾಸ್ಜೀನ್ ಎಂಬ ಪ್ರಾಣಾಂತಕ ಅನಿಲ ಹುಟ್ಟಬಹುದು ಎಂಬುದನ್ನು ಮರೆಯಬೇಡಿ.

ಸ್ಟಡ್ಡು ಮುರಿದೇ ಹೋದರೆ, ಉಳಿದ ತುದಿಯ ಮೇಲೆ ಹೊಸ ನಟ್ಟೊಂದನ್ನು ವೆಲ್ಡ್ ಮಾಡಿಸಿ, ತಣಿದ ಮೇಲೆ ನಿಧಾನವಾಗಿ ತಿರುಗಿಸಿ. ವೆಲ್ಡಿನ ಬಿಸಿಗೇ ತುಕ್ಕಿನ ಹಿಡಿತ ಸಡಿಲವಾಗುವುದರಿಂದ ಬಹಳಷ್ಟು ಸಲ ಅದು ಡ್ರಿಲ್ಲಿನ ಅಗತ್ಯವಿಲ್ಲದೆ ಹೊರಬರುತ್ತದೆ.