ನಾಡಿಯ ಮೇಲಿಂದ ಬೆರಳು ತೆಗೆಯಲಾಗದವರು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರು ನಡುವಯಸ್ಸಿನ ಗೃಹಸ್ಥರು. ಮೂತ್ರಪಿಂಡಗಳು ಕೈಕೊಟ್ಟು ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಒಂದು ಸರದಿ ತಪ್ಪಿದಾಗ ಕಾಲುಗಳ ಬಲ ಉಡುಗಿ ಆಸ್ಪತ್ರೆ ಸೇರಿದರು. ಅಂದು ರಕ್ತದಲ್ಲಿ ಪೊಟ್ಯಾಷಿಯಂ ಲೀಟರಿಗೆ 7 ಮಿಲಿಮೋಲ್ ದಾಟಿತ್ತು. ಸಾಮಾನ್ಯವಾಗಿ ಅದು 3.5ರಿಂದ 5ರೊಳಗೆ ಇರಬೇಕು. ತುರ್ತು ಚಿಕಿತ್ಸೆಯಿಂದ ಬದುಕಿ ಬಂದರು. ಆದರೆ ಹೃದಯ ನಿಂತುಹೋದೀತೆಂಬ ಭಯ ಅಂದಿನಿಂದ ಅವರನ್ನು ಬಿಟ್ಟಿರಲಿಲ್ಲ.

ನನ್ನೊಡನೆ ಮಾತನಾಡುವಾಗಲೂ ಎರಡು ಬೆರಳು ಮಣಿಕಟ್ಟಿನ ನಾಡಿಯ ಮೇಲೇ ಇದ್ದವು. ಮಾತು ನಿಂತಾಗ ತುಟಿಗಳು ಎಣಿಸುತ್ತಿದ್ದವು. ಹಣ್ಣು, ತರಕಾರಿ, ಬೇಳೆ ಎಲ್ಲವನ್ನೂ ಬಿಟ್ಟಿದ್ದರು. ಎಷ್ಟೋ ದಿನ ರಾತ್ರಿಯ ಊಟವೇ ಇರಲಿಲ್ಲ. "ಇವರು ಉಸಿರಾಡುತ್ತಿದ್ದಾರೆಯೇ ಎಂದು ರಾತ್ರಿ ಎದ್ದು ನೋಡುತ್ತೇನೆ. ನನಗೆ ಗಾಬರಿಯಾಗಬಾರದೆಂದು ಇವರು ನಿದ್ದೆ ಬಂದವರಂತೆ ಮಲಗಿರುತ್ತಾರೆ" ಎಂದು ಅವರ ಪತ್ನಿ ಹೇಳಿದರು.

ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಹೃದಯ ಚೆನ್ನಾಗಿದೆ ಎನ್ನುತ್ತಾರೆ. ಚೆನ್ನಾಗಿರುವ ಹೃದಯ ನಿಲ್ಲಲು ಹೊರಟಿದ್ದು ಯಾಕೆ?"

ಇಂಥ ಪ್ರಶ್ನೆಗೆ "ಧೈರ್ಯವಾಗಿರಿ" ಎಂಬುದು ಉತ್ತರವಲ್ಲ. ಕಾರಣ ತಿಳಿಯದವನ ಭಯಕ್ಕೆ ಸಾಂತ್ವನ ನಾಟುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಅವರ ವೈದ್ಯರೊಡನೆ ಮಾತನಾಡಿ, ಒಂದು ಇಡೀ ಭೇಟಿಯನ್ನು ಇದಕ್ಕೇ ಮೀಸಲಿಟ್ಟೆ.

ದೇಹದ ಪೊಟ್ಯಾಷಿಯಂನಲ್ಲಿ ಶೇ. 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗಿನ ದ್ರವದಲ್ಲಿ ಬರೀ 4. ಹೃದಯದ ಸ್ನಾಯುಕೋಶ ಎರಡು ಬಡಿತಗಳ ನಡುವೆ ಮೈನಸ್ 90 ಮಿಲಿವೋಲ್ಟ್ ವಿದ್ಯುತ್ ಒತ್ತಡದ ಆಸುಪಾಸಿನಲ್ಲಿ ಸಜ್ಜಾಗಿ ನಿಲ್ಲುವುದು ಮುಖ್ಯವಾಗಿ ಈ ಅಂತರದ ಬಲದಿಂದಲೇ. ಹೊರಗಿನ 4 ಎಂಬುದು 8 ಆದರೆ ದೇಹದ ಒಟ್ಟು ಲೆಕ್ಕದಲ್ಲಿ ಅದು ಅಲ್ಪ. ಆದರೆ ಒಳಹೊರಗಿನ ಅನುಪಾತ ಅರ್ಧಕ್ಕಿಳಿದು ಸುಮಾರು 18 ಮಿಲಿವೋಲ್ಟ್ ಕುಗ್ಗಿಹೋಗುತ್ತದೆ. ಆಗ ಬಡಿತದ ಸಂಕೇತವನ್ನು ಚಿಮ್ಮಿಸುವ ಸೋಡಿಯಂ ವಾಹಿನಿಗಳಲ್ಲಿ, ಅಂದರೆ ಸೋಡಿಯಂ ಒಳಬರುವ ಕೋಶಪೊರೆಯ ಬಾಗಿಲುಗಳಲ್ಲಿ, ಹಲವು ತೆರೆಯಲಾರದ ಸ್ಥಿತಿಗೆ ಬರುತ್ತವೆ. ಸಂಕೇತ ಕೋಶದಿಂದ ಕೋಶಕ್ಕೆ ತೆವಳುತ್ತದೆ, ಕೊನೆಗೆ ಲಯವೇ ತಪ್ಪುತ್ತದೆ. ಪೊಟ್ಯಾಷಿಯಂ ತೀರಾ ಇಳಿದರೂ ಲಯ ಕೆಡುತ್ತದೆ. ಹಾಗಾಗಿ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ಅವರ ಎಣಿಕೆಯೂ ಸರಿಯಲ್ಲ.

ಅವರ ಕಡತದಲ್ಲಿದ್ದ ಎರಡು ಇಸಿಜಿಗಳನ್ನು (ಹೃದಯದ ವಿದ್ಯುತ್ ಸಂಕೇತದ ಗೆರೆಚಿತ್ರಗಳನ್ನು) ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿದೆವು. ಆಸ್ಪತ್ರೆಗೆ ಬಂದ ಗಳಿಗೆಯದರಲ್ಲಿ ಪ್ರತಿ ಬಡಿತದ ಕೊನೆಯ ಉಬ್ಬಾದ ಟಿ ಅಲೆ ಗುಡಾರದ ತುದಿಯಂತೆ ಚೂಪಾಗಿ ಎದ್ದಿತ್ತು, ಮೊದಲ ಉಬ್ಬಾದ ಪಿ ಅಲೆ ಚಪ್ಪಟೆಯಾಗಿತ್ತು, ನಡುವಿನ ಕ್ಯೂಆರ್‌ಎಸ್ ಭಾಗ ಅಗಲವಾಗಿತ್ತು. ಡಯಾಲಿಸಿಸ್ ಆದ ಮೇಲಿನದರಲ್ಲಿ ಎಲ್ಲವೂ ಮೊದಲಿನಂತೆ. ಅವರು ನಾಡಿಯಿಂದ ಬೆರಳು ತೆಗೆದು ಆ ಚೂಪು ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕ್ಯಾಲ್ಸಿಯಂ ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಕೋಶಪೊರೆಗೆ ರಕ್ಷಣೆ ಕೊಟ್ಟಿತ್ತು, ಗ್ಲೂಕೋಸ್ ಜೊತೆಗಿನ ಇನ್ಸುಲಿನ್ ಪೊಟ್ಯಾಷಿಯಂ ಅನ್ನು ಕೋಶಗಳೊಳಗೆ ತಳ್ಳಿತ್ತು, ಡಯಾಲಿಸಿಸ್ ಅದನ್ನು ದೇಹದಿಂದಲೇ ಹೊರಹಾಕಿತ್ತು. "ಹಾಗಾದರೆ ಕೆಟ್ಟಿದ್ದು ಹೃದಯವಲ್ಲ, ಅದರ ಸುತ್ತಲಿನ ನೀರು" ಎಂದರು. ಹೌದು ಎಂದೆ.

ಮುಂದಿನ ಮಾತು ಅವರಿಗೆ ಕಹಿಯಾಗಿತ್ತು. ಭಯದಿಂದ ಅವರು ಮಾಡುತ್ತಿದ್ದ ಉಪವಾಸ ಅವರಿಗೇ ಅಪಾಯ. ಹೊಟ್ಟೆ ಬಹಳ ಹೊತ್ತು ಖಾಲಿಯಿದ್ದರೆ ಇನ್ಸುಲಿನ್ ತಗ್ಗಿ ಪೊಟ್ಯಾಷಿಯಂ ಕೋಶಗಳಿಂದ ಹೊರಬರುತ್ತದೆ. ಕೆಲಸ ಮಾಡುವ ಮೂತ್ರಪಿಂಡವಿಲ್ಲದವರಲ್ಲಿ ಅದು ರಕ್ತದಲ್ಲೇ ಉಳಿಯುತ್ತದೆ. ಏನನ್ನು, ಎಷ್ಟು ತಿನ್ನಬೇಕೆಂಬುದನ್ನು ಪಥ್ಯತಜ್ಞರಿಂದ ಬರೆಸಿಕೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದೆ. ಮಲಬದ್ಧತೆಯಾದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಇಂಥವರಲ್ಲಿ ಕರುಳೂ ಸಾಕಷ್ಟು ಪೊಟ್ಯಾಷಿಯಂ ಹೊರಹಾಕುತ್ತದೆ. ಉಪ್ಪಿಗೆ ಬದಲಾಗಿ ಬಳಸುವ ಪುಡಿಗಳಲ್ಲಿ ಬಹುಪಾಲು ಪೊಟ್ಯಾಷಿಯಂ ಕ್ಲೋರೈಡೇ ಇರುತ್ತದೆ; ಅದು ಮನೆಯೊಳಗೇ ಬರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಡಯಾಲಿಸಿಸ್ ಸರದಿ ತಪ್ಪಿಸಲೇಬಾರದು.

ನಾಡಿ ಎಣಿಸುವುದರ ಬಗ್ಗೆ ನೇರವಾಗಿಯೇ ಹೇಳಿದೆ: ಬೆರಳಿಗೆ ಪೊಟ್ಯಾಷಿಯಂ ತಿಳಿಯುವುದಿಲ್ಲ. ಇಸಿಜಿಯಲ್ಲೇ ಅದು ಎಲ್ಲ ಸಲ ಕಾಣದು. ರಕ್ತ ಪರೀಕ್ಷೆಯೇ ಬೇಕು. ದಿನಕ್ಕೊಂದು ನಿಗದಿತ ಹೊತ್ತಿನಲ್ಲಿ ಮಾತ್ರ ನಾಡಿ ನೋಡುವುದು, ನಡುವೆ ನೋಡಬೇಕೆಂಬ ತುಡಿತ ಬಂದಾಗ ಐದು ನಿಮಿಷ ಮುಂದೂಡಿ ಪತ್ನಿಯೊಡನೆ ಮಾತಿಗೆ ಕೂರುವುದು ಎಂದು ಇಬ್ಬರೂ ಒಪ್ಪಿದರು. ಕೈಕಾಲು ಸೋತರೆ, ಎದೆಬಡಿತ ಏರುಪೇರಾದರೆ, ತಲೆಸುತ್ತಿ ಬಿದ್ದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡಬೇಕು; ಅದಕ್ಕೆ ನನಗೆ ಕರೆ ಮಾಡುತ್ತ ಕೂರುವಂತಿಲ್ಲ.

ನಡುವೆ ಒಂದು ವರದಿಯಲ್ಲಿ ಪೊಟ್ಯಾಷಿಯಂ 6 ದಾಟಿ ಬಂದು ಮನೆಯವರೆಲ್ಲ ಕಂಗೆಟ್ಟರು. ಮತ್ತೆ ರಕ್ತ ತೆಗೆದಾಗ ಸರಿಯಾಗಿತ್ತು. ಮೊದಲ ಸಲ ಅವರು ಹೆದರಿಕೆಯಿಂದ ಮುಷ್ಟಿಯನ್ನು ಬಿಗಿದು ಬಿಗಿದು ಬಿಡುತ್ತಿದ್ದರು. ಹಾಗೆ ಮಾಡಿದರೆ ಸ್ನಾಯುಗಳಿಂದ ಪೊಟ್ಯಾಷಿಯಂ ಹೊರಬಂದು ಅಂಕಿ ಏರುತ್ತದೆ. ಹೆಚ್ಚು ಬಂದ ವರದಿಯನ್ನು ಕಡೆಗಣಿಸಬಾರದು, ಕೂಡಲೇ ವೈದ್ಯರಿಗೆ ತೋರಿಸಬೇಕು; ರಕ್ತ ಕೊಡುವಾಗ ಮಾತ್ರ ಅಂಗೈ ಸಡಿಲವಾಗಿರಲಿ ಎಂದೆ.

ಈಗ ರಾತ್ರಿ ಊಟ ಮಾಡುತ್ತಾರೆ. ಎರಡು ಡಯಾಲಿಸಿಸ್‌ಗಳ ನಡುವಿನ ಉದ್ದನೆಯ ಬಿಡುವಿನಲ್ಲಿ ಪೊಟ್ಯಾಷಿಯಂ ಹೆಚ್ಚು ಏರುವುದು ನಿಜ, ಆ ದಿನಗಳಲ್ಲಿ ಅವರ ಭಯವೂ ಏರುತ್ತದೆ. ಮುಂದಿನ ಭೇಟಿಗಳನ್ನು ಆ ದಿನಗಳಿಗೇ ಗೊತ್ತುಮಾಡಿದ್ದೇವೆ. ಪತ್ನಿಯವರ ನಿದ್ದೆಗಾಗಿ ಅವರೊಬ್ಬರೊಡನೆ ಬೇರೆಯೇ ಒಂದು ಭೇಟಿ ಇದೆ.